ನೀರು ಗಂಟಲಿಗಿಳಿಯದ ನಾಲ್ಕು ದಿನ

೧೯೬೩ನೇ ಇಸವಿಯ ಬೇಸಿಗೆ. ನನಗಾಗ ಇಪ್ಪತ್ತೆರಡು ವರ್ಷ. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಹತ್ತಿರ. ಟೀಚರ್ ಟ್ರೈನಿಂಗ್ ಮುಗಿಸಿದ ಮೇಲೆ ನನ್ನನ್ನು ಸಾಗರದ ಆಚೆ, ಕಾರ್ಗಲ್ ರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಒಂದು ಊರಿನ ಪ್ರಾಥಮಿಕ ಶಾಲೆಗೆ ಹಾಕಿದ್ದರು. ಪಾಠ ಹೇಳುವ ಹೆಂಗಸರನ್ನು ಆ ಕಡೆಯವರು ಅಕ್ಕೋರು ಅನ್ನುತ್ತಾರೆ. ನಾನು ಬಹಳ ಜೋರಿನ ಅಕ್ಕೋರು. ದೆವ್ವ, ದೃಷ್ಟಿ, ಶಕುನ ಅಂತ ಯಾರಾದರೂ ಬಾಯಿ ಬಿಟ್ಟರೆ ಅವರನ್ನು ಅಲ್ಲೇ ಕೂರಿಸಿ ಬುದ್ಧಿ ಹೇಳುತ್ತಿದ್ದೆ. ಹೆದರಿಕೆ ಅನ್ನುವುದು ಓದು ಬರಹ ಇಲ್ಲದವರ ಕಾಯಿಲೆ ಎಂದು ಬಲವಾಗಿ ನಂಬಿದ್ದೆ. ಆ ಜಂಬ ಇಳಿದ ಕಥೆ ಇದು.

ಆ ಊರಿಗೆ ಎರಡು ಕೇರಿ. ಮೇಲಿನಕೇರಿಯಲ್ಲಿ ಶಾಲೆ ಇತ್ತು, ನಾನು ಬಾಡಿಗೆಗಿದ್ದ ಗೌರಕ್ಕನ ಮನೆಯೂ ಇತ್ತು. ಅಲ್ಲಿಂದ ಒಂದು ಮೈಲಿ ಇಳಿದರೆ ಕೆಳಗಿನಕೇರಿ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಕೆಳಗಿನಕೇರಿ ಮುಳುಗಡೆಗೆ ಹೋಗುತ್ತದೆ ಎಂದು ಗೊತ್ತಾಗಿ, ಆ ವರ್ಷ ಅಲ್ಲಿಯ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಲಾರಿ ಬರುವುದು, ಹೆಂಚು ಇಳಿಸುವುದು, ತೊಲೆ ಬಾಗಿಲು ಕಿತ್ತು ಹೇರುವುದು, ಕೊನೆಗೆ ಹೆಂಗಸರು ಮಕ್ಕಳು ಹತ್ತಿ ಕೂರುವುದು. ನನ್ನ ಹಾಜರಿ ಪುಸ್ತಕದಲ್ಲಿ ವಾರಕ್ಕೆ ಎರಡು ಮೂರು ಹೆಸರಿಗೆ ಗೆರೆ ಬೀಳುತ್ತಿತ್ತು.

ಕೊನೆಕೊನೆಗೆ ಹೊರಟ ಮನೆಗಳಲ್ಲಿ ಗುತ್ಯಮ್ಮನದೂ ಒಂದು. ಗಂಡ ತೀರಿಹೋಗಿದ್ದ. ಗೇಣಿ ಗದ್ದೆ ಮಾಡಿಕೊಂಡು ಮಗಳು ಸಣ್ಣಮ್ಮನನ್ನು ಶಾಲೆಗೆ ಕಳಿಸುತ್ತಿದ್ದ ಗಟ್ಟಿ ಹೆಂಗಸು. ಅವರಿಗೆ ಆನಂದಪುರದ ಹತ್ತಿರ ಜಾಗ ಕೊಟ್ಟಿದ್ದರು. ಹೊಸ ಊರಿನ ಶಾಲೆಗೆ ಸೇರಿಸಲು ಸಣ್ಣಮ್ಮನ ಟಿ.ಸಿ. ಬೇಕಲ್ಲ, ಅದನ್ನು ಕೈಯಾರೆ ಕೊಟ್ಟು ಬರೋಣವೆಂದು ಒಂದು ಸೋಮವಾರ ಮಧ್ಯಾಹ್ನ ನಾನೇ ಇಳಿದು ಹೋದೆ.

ಅಂಗಳ ತುಂಬಾ ಧೂಳು. ಮನೆಯ ಮಾಡಿನ ಮೇಲೆ ನಾಲ್ಕು ಜನ ಕುಳಿತು ನಾಡಹೆಂಚು ಇಳಿಸುತ್ತಿದ್ದರು. ಅಟ್ಟದ ಸಾಮಾನೆಲ್ಲ ಹೊರಗೆ ಬಿದ್ದಿತ್ತು. ಗುತ್ಯಮ್ಮನ ನಾಯಿ ಕರಿಯ ಬಿಸಿಲಿನಲ್ಲೇ ಗೂಟಕ್ಕೆ ಕಟ್ಟಿಸಿಕೊಂಡು ಹಗ್ಗ ಎಳೆದಾಡುತ್ತಿತ್ತು. ಆ ನಾಯಿ ನನಗೆ ಹೊಸದಲ್ಲ. ದಿನವೂ ಸಣ್ಣಮ್ಮನ ಹಿಂದೆ ಶಾಲೆಯ ಬಾಗಿಲವರೆಗೆ ಬಂದು ಹೋಗುವ ಪ್ರಾಣಿ. "ಏನೋ ಕರಿಯ, ನೀನೂ ಹೊರಟ್ಯಾ" ಎನ್ನುತ್ತಾ ಅದರ ಪಕ್ಕದಲ್ಲೇ ಹಾದೆ. ಅಷ್ಟರಲ್ಲಿ ಮೇಲಿನಿಂದ ಒಂದು ರಾಶಿ ಹೆಂಚು ದಡದಡ ಜಾರಿ ಬಿತ್ತು. ಕರಿಯ ಬೆಚ್ಚಿ ಹಾರಿತು. ನನ್ನ ಎಡ ಮೀನಖಂಡಕ್ಕೆ ಬಾಯಿ ಹಾಕಿತು.

ಗುತ್ಯಮ್ಮ ಓಡಿ ಬಂದರು. "ಅಯ್ಯೋ ಅಕ್ಕೋರೆ, ಇದು ಹುಟ್ಟಿದಾಗಿಂದ ಯಾರಿಗೂ ಬಾಯಿ ಹಾಕಿದ್ದಲ್ಲ. ಇವತ್ತು ಎಂತ ಆಯ್ತೋ ಮಾರಾಯ್ರೆ" ಎಂದು ಹಣೆ ಚಚ್ಚಿಕೊಂಡರು. ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ, ಅಷ್ಟೆ. ಅವರು ಸುಣ್ಣ ಹಚ್ಚಲು ಬಂದರೆ ನಾನು ಬಿಡಲಿಲ್ಲ. ಸೋಪು ಕೇಳಿ ತೊಳೆದುಕೊಂಡೆ. ಪುಸ್ತಕದಲ್ಲಿ ಹಾಗೇ ಬರೆದಿದೆ, ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅಷ್ಟು ಗಡಿಬಿಡಿಯಲ್ಲೂ ಗುತ್ಯಮ್ಮ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದಿಟ್ಟರು. ಮನೆಗೆ ಬಂದವರಿಗೆ ಮೊದಲು ನೀರು ಬೆಲ್ಲ ಕೊಡುವುದು ನಮ್ಮ ಕಡೆಯ ಪದ್ಧತಿ. ಆಸರಿಗೆ ಎನ್ನುತ್ತಾರೆ. ಕೊಟ್ಟದ್ದನ್ನು ಮುಟ್ಟದೆ ಎದ್ದರೆ ಆ ಮನೆಯ ಮೇಲೆ ಮುನಿಸು ಅಂತಲೇ ಅರ್ಥ. ನಾನು ಗಟಗಟ ಕುಡಿದು, ಟಿ.ಸಿ. ಕೊಟ್ಟು, ಸಣ್ಣಮ್ಮನ ತಲೆ ಸವರಿ ಬಂದೆ.

ಮಾರನೆಯ ದಿನ ಅವರ ಲಾರಿ ಶಾಲೆಯ ಮುಂದೆ ಹೋಯಿತು. ತೊಲೆಗಳ ಮೇಲೆ ಕರಿಯನನ್ನು ಹಗ್ಗದಲ್ಲಿ ಕಟ್ಟಿದ್ದರು. ಮಕ್ಕಳೆಲ್ಲ ಹೊರಗೆ ಬಂದು ಕೈ ಬೀಸಿದರು. ನಾನೂ ಬೀಸಿದೆ. ಕಾಲಿನ ಗಾಯ ನಾಲ್ಕೈದು ದಿನದಲ್ಲಿ ಒಣಗಿತು. ನಾನು ಅದನ್ನು ಮರೆತೂಬಿಟ್ಟೆ. ಆಸ್ಪತ್ರೆಗೆ ಹೋಗಬೇಕು ಅಂತ ಅನ್ನಿಸಲೇ ಇಲ್ಲ. ಮಕ್ಕಳಿಗೆ ಮಾತ್ರ "ನಾಯಿ ಕಚ್ಚಿದರೆ ತಕ್ಷಣ ವೈದ್ಯರ ಬಳಿ ಹೋಗಬೇಕು" ಎಂದು ಮೂರು ಸಲ ಬರೆಸಿದ್ದೆ. ಹೇಳುವುದು ಒಂದು, ಮಾಡುವುದು ಇನ್ನೊಂದು ಅಂದರೆ ಇದೇ.

ಕಚ್ಚಿ ಎಂಟನೆಯ ದಿನ, ಮಂಗಳವಾರ ಸಂಜೆ, ಗೌರಕ್ಕ ಅಕ್ಕಿ ಆರಿಸುತ್ತಾ ಕೂತಿದ್ದರು. ನಾನು ಪಕ್ಕದಲ್ಲಿ ಪರೀಕ್ಷೆಯ ಪ್ರಶ್ನೆ ಬರೆಯುತ್ತಿದ್ದೆ. ಅವರು ಮಾತಿಗೆ ಮಾತು ಬಂದು ಹೇಳಿದರು, "ಕೆಳಗಿನಕೇರಿ ಕಡೆ ಈಗ ಹೋಗ್ಬೇಡಿ ಅಕ್ಕೋರೆ. ಅಲ್ಲಿ ನಾಯಿಗಳಿಗೆ ಹುಚ್ಚು ಹಿಡಿದಿದೆಯಂತೆ. ಗುತ್ಯಮ್ಮನ ಕರಿಯ ಇತ್ತಲ್ಲ, ಅದು ಹೋಗೋ ಮೊದಲು ಮೂರು ದಿನ ಅನ್ನ ಮುಟ್ಟಿರಲಿಲ್ಲವಂತೆ. ಜೊಲ್ಲು ಸುರಿಸ್ಕಂಡು ಗೋಡೆ ಸುತ್ತ ಸುತ್ತೇ ಸುತ್ತಿತ್ತಂತೆ."

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಕರಿಯ ನನ್ನನ್ನು ಕಚ್ಚಿದ್ದು ಗೌರಕ್ಕನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬಂತೆ ಮುಂದಿನ ಪ್ರಶ್ನೆಯ ನಂಬರು ಬರೆದೆ.

ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಒಂದು ಹಳೆಯ ಕಾರಣವಿದೆ. ನನಗೆ ಏಳು ವರ್ಷವಿದ್ದಾಗ ನಮ್ಮೂರಿನ ಒಬ್ಬ ಗಾಡಿ ಹೊಡೆಯುವವನಿಗೆ ಹುಚ್ಚುನಾಯಿ ಕಚ್ಚಿತ್ತು. ಒಂದೆರಡು ತಿಂಗಳ ಮೇಲೆ ಅವನಿಗೆ ಕಾಯಿಲೆ ಎದ್ದಿತು. ಅವನನ್ನು ಗಾಡಿ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದರು. ಮಕ್ಕಳು ಆ ಕಡೆ ಹೋಗಬಾರದು ಎಂದಿದ್ದರು. ಹೋಗಬಾರದು ಎಂದ ಮೇಲೆ ನಾನು ಹೋಗದೆ ಇರುತ್ತೇನೆಯೇ. ಹಲಗೆಯ ಸಂದಿಯಿಂದ ನೋಡಿದೆ. ಅವನು ನೀರು ನೀರು ಎಂದು ಅಳುತ್ತಿದ್ದ. ಅವನ ಹೆಂಡತಿ ತಂಬಿಗೆ ತಂದಳು. ತಂಬಿಗೆ ಹತ್ತಿರ ಬಂದ ಕೂಡಲೇ ಅವನ ಕುತ್ತಿಗೆ ಸೆಟೆದು, ಕಣ್ಣು ಮೇಲಕ್ಕೆ ಹೋಗಿ, ಅವನು ಕಿರುಚಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಎರಡು ದಿನಕ್ಕೆ ಅವನು ಸತ್ತುಹೋದ. ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಮರೆತಿದ್ದೇನೆ ಎಂದೇ ತಿಳಿದಿದ್ದೆ.

ಬುಧವಾರ ಬೆಳಿಗ್ಗೆ ಶಾಲೆಗೆ ಹೋದೆ. ಪರೀಕ್ಷೆ ಹತ್ತಿರವಾದ್ದರಿಂದ ನಾಲ್ಕನೇ ಕ್ಲಾಸಿನವರು ಹಳೆಯ ಪಾಠಗಳನ್ನು ಓದುತ್ತಿದ್ದರು. ಒಬ್ಬ ಹುಡುಗಿ ಎದ್ದು ನಿಂತು, ಕೈ ಕಟ್ಟಿಕೊಂಡು, ಆರೋಗ್ಯದ ಪಾಠವನ್ನು ರಾಗವಾಗಿ ಒಪ್ಪಿಸಿದಳು. "ಹುಚ್ಚುನಾಯಿ ಕಡಿತದ ಲಕ್ಷಣಗಳು. ಗಂಟಲು ಕಟ್ಟುವುದು. ಬಾಯಾರಿಕೆಯಾದರೂ ನೀರು ಕುಡಿಯಲಾಗದಿರುವುದು. ನೀರು ಕಂಡರೆ ಹೆದರಿಕೆಯಾಗುವುದು. ಈ ಕಾಯಿಲೆ ಬಂದ ಮೇಲೆ ಮದ್ದಿಲ್ಲ." ನಾನೇ ಕರಿ ಹಲಗೆಯ ಮೇಲೆ ಚೆಂದದ ಅಕ್ಷರದಲ್ಲಿ ಬರೆದುಕೊಟ್ಟ ಸಾಲುಗಳು. "ಸರಿ, ಕೂತ್ಕೋ" ಎಂದೆ. ಬಾಯಿ ಒಣಗಿತ್ತು. ಮೂಲೆಯ ಮಣ್ಣಿನ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಬಾಯಿಗೆ ಇಟ್ಟೆ.

ನೀರು ಗಂಟಲಿಗೆ ಇಳಿಯಲಿಲ್ಲ.

ಬಾಯಲ್ಲಿ ನೀರಿದೆ, ನುಂಗಬೇಕು ಎಂದು ನಾನು ಹೇಳುತ್ತಿದ್ದೇನೆ, ಗಂಟಲು ಕೇಳುತ್ತಿಲ್ಲ. ಒಳಗಿನಿಂದ ಯಾರೋ ಮುಷ್ಟಿ ಬಿಗಿದ ಹಾಗೆ. ಕೆಮ್ಮು ಬಂದು ನೀರೆಲ್ಲ ಸೀರೆಯ ಮೇಲೆ ಚೆಲ್ಲಿತು. ಮಕ್ಕಳು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತು ಎರಡನೇ ಸಲ ಪ್ರಯತ್ನ ಮಾಡಿದೆ. ಈ ಸಲ ಲೋಟ ತುಟಿಗೆ ತಾಗುವ ಮೊದಲೇ ಗಂಟಲು ಬಿಗಿಯಿತು. ಅವತ್ತು ನನ್ನ ಜೀವ ನನ್ನ ಕೈಯಲ್ಲಿ ಇರಲಿಲ್ಲ. ಮುಗಿಯಿತು, ನನಗೂ ಬಂತು, ಇನ್ನು ನನ್ನನ್ನೂ ಕಂಬಕ್ಕೆ ಕಟ್ಟುತ್ತಾರೆ ಎಂದು ಖಚಿತವಾಯಿತು.

ಆ ದಿನ ಸಂಜೆಯವರೆಗೆ ನಾನು ಹೇಗೆ ಪಾಠ ಮಾಡಿದೆನೋ ದೇವರೇ ಬಲ್ಲ. ಮನೆಗೆ ಬಂದರೆ ಗೌರಕ್ಕ ರೂಢಿಯಂತೆ ನೀರು ಬೆಲ್ಲ ಇಟ್ಟರು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು, ಚೊಂಬು ಹಿಡಿದು ಹಿತ್ತಲಿಗೆ ಹೋಗಿ ನೀರನ್ನು ದಾಸವಾಳದ ಬುಡಕ್ಕೆ ಸುರಿದೆ. ಊಟಕ್ಕೆ ಕೂತು ಮೊಸರನ್ನವನ್ನು ಸಣ್ಣ ಸಣ್ಣ ತುತ್ತು ಮಾಡಿ ಹೇಗೋ ನುಂಗಿದೆ. ಅನ್ನ ಇಳಿಯಿತು, ನೀರು ಇಳಿಯಲಿಲ್ಲ. ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಿಕೊಂಡೆ. ಹೊರಗೆ ಯಾರೋ ಬಾವಿಗೆ ಕೊಡ ಬಿಟ್ಟ ಸದ್ದು ಕೇಳಿದರೂ ಎದೆ ಹೊಡೆದುಕೊಳ್ಳುತ್ತಿತ್ತು.

ಗುರುವಾರ ಹೆಡ್‌ಮಾಸ್ತರರಿಗೆ ಹಲ್ಲುನೋವು ಎಂದು ರಜೆ ಚೀಟಿ ಕೊಟ್ಟು ಮೊದಲ ಬಸ್ಸಿಗೆ ಸಾಗರಕ್ಕೆ ಹೋದೆ. ಆಸ್ಪತ್ರೆಯಲ್ಲಿ ವಯಸ್ಸಾದ ಒಬ್ಬ ಡಾಕ್ಟರು ಇದ್ದರು. ನನ್ನ ಸರದಿ ಬಂದಾಗ ಬಾಗಿಲು ಹಾಕಿ ಎಂದು ಕೇಳಿಕೊಂಡೆ. ಎಲ್ಲವನ್ನೂ ಹೇಳಿದೆ. ಕೊನೆಗೆ, "ನನ್ನನ್ನು ಕಟ್ಟಿಹಾಕೋದಾದ್ರೆ ನಮ್ಮಪ್ಪನಿಗೆ ಮೊದಲೇ ತಿಳಿಸಿ" ಎಂದೆ. ಹೇಳುತ್ತಲೇ ಅಳು ಬಂತು.

ಅವರು ನಗಲಿಲ್ಲ. ಆ ಒಂದು ಕಾರಣಕ್ಕೆ ಅವರನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಗಾಯ ನೋಡಿದರು. ನಾಲಿಗೆ, ಕಣ್ಣು ನೋಡಿದರು. ಆಮೇಲೆ ಶಾಲೆಯಲ್ಲಿ ಎಷ್ಟು ಮಕ್ಕಳು, ತೀರ್ಥಹಳ್ಳಿಯಲ್ಲಿ ಯಾರ ಪೈಕಿ, ಅಪ್ಪನಿಗೆ ಎಷ್ಟು ಜನ ಮಕ್ಕಳು ಎಂದು ಒಂದಾದ ಮೇಲೊಂದು ಕೇಳುತ್ತಾ ಮೇಜಿನ ಮೇಲಿದ್ದ ಕಿತ್ತಳೆ ಸುಲಿದು ನನ್ನ ಕೈಗೂ ನಾಲ್ಕು ತೊಳೆ ಕೊಟ್ಟರು. ನಮ್ಮ ತಮ್ಮನ ತಂಟೆಯ ಕಥೆ ಹೇಳುತ್ತಾ ನಾನು ತಿಂದೆ.

"ತಿಂದ್ರಾ?" ಎಂದರು.

"ಹೂಂ."

"ಕಿತ್ತಳೆ ಒಳಗೆ ಇರೋದೇನಮ್ಮ? ನೀರೇ ಅಲ್ವಾ?"

ನಾನು ಕೈ ನೋಡಿಕೊಂಡೆ. ತೊಳೆ ಖಾಲಿಯಾಗಿತ್ತು. ಅವರು ಮೆಲ್ಲಗೆ ಒಂದು ಲೋಟ ನೀರನ್ನು ನನ್ನ ಕಡೆ ಸರಿಸಿದರು. ಅದನ್ನು ನೋಡಿದ್ದೇ ತಡ, ಗಂಟಲು ಮತ್ತೆ ಬಿಗಿಯಿತು. ಅವರು ಲೋಟವನ್ನು ವಾಪಸು ತೆಗೆದುಕೊಂಡು ತಾವೇ ಕುಡಿದರು.

"ಇನ್ಸ್‌ಪೆಕ್ಟರು ಬಂದು ಎದುರಿಗೆ ನಿಂತರೆ ಮಕ್ಕಳಿಗೆ ಬರೋ ಮಗ್ಗೀನೂ ಮರೆತುಹೋಗುತ್ತಲ್ಲ, ನೋಡಿದೀರಾ?"

"ನೋಡಿದೀನಿ."

"ನುಂಗೋದು ಅನ್ನೋದು ನಾವು ಯೋಚನೆ ಮಾಡಿ ಮಾಡೋ ಕೆಲಸ ಅಲ್ಲ. ಅದರ ಪಾಡಿಗೆ ಅದು ನಡೀತಿರುತ್ತೆ. ನೀವೀಗ ನಿಮ್ಮ ಗಂಟಲಿನ ಎದುರಿಗೆ ಇನ್ಸ್‌ಪೆಕ್ಟರ ಥರ ನಿಂತುಬಿಟ್ಟಿದೀರಿ. ಇಳಿಯುತ್ತಾ, ಇಳಿಯಲ್ವಾ ಅಂತ ಕಾಯ್ತಾ ಇದೀರಿ. ಅದಕ್ಕೆ ಗಾಬರಿಯಾಗಿ ಮಗ್ಗಿ ಮರೆತಿದೆ. ಚಿಕ್ಕಂದಿನಲ್ಲಿ ಕಂಡದ್ದು ಒಂದು, ಪಾಠದಲ್ಲಿ ಬರೆಸಿದ್ದು ಒಂದು, ಆ ಅಮ್ಮ ಹೇಳಿದ್ದು ಒಂದು, ಮೂರೂ ಸೇರಿ ಮನಸ್ಸು ಒಂದು ಕಾಯಿಲೆ ಮಾಡಿಕೊಟ್ಟಿದೆ. ನೀವು ಸುಳ್ಳು ಹೇಳ್ತಿದೀರಿ ಅಂತ ಅಲ್ಲ. ಗಂಟಲು ನಿಜವಾಗ್ಲೂ ಕಟ್ಟಿದೆ. ಕಟ್ಟಿರೋದು ಹೆದರಿಕೆ."

"ಕಾಯಿಲೆಯೇ ಆಗಿದ್ದರೆ?" ಎಂದೆ.

"ಕಾಲಿಗೆ ಕಚ್ಚಿದ್ದು ಇಷ್ಟು ಬೇಗ ತಲೆಗೆ ಹತ್ತೋದು ಕಡಿಮೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು."

"ನನಗೆ ಬೇಗ ಹತ್ತಿರಬಹುದಲ್ಲ ಡಾಕ್ಟ್ರೇ."

ಅವರು ನಿಟ್ಟುಸಿರು ಬಿಟ್ಟರು. ಹೆದರಿದವರ ಹತ್ತಿರ ವಾದ ಮಾಡಿ ಗೆದ್ದವರು ಯಾರೂ ಇಲ್ಲ ಎಂದು ಅವರಿಗೆ ಗೊತ್ತಿತ್ತು. "ನೋಡಿ, ಹತ್ತು ದಿನ ತಡಮಾಡಿದ್ದು ನಿಮ್ಮ ತಪ್ಪು. ನಾಯಿ ಬದುಕಿದೆಯೋ ಇಲ್ಲವೋ ಗೊತ್ತಿಲ್ಲ ಅಂತೀರಿ, ಹಾಗಾಗಿ ಇಂಜೆಕ್ಷನ್ ಇವತ್ತೇ ಶುರು ಮಾಡ್ತೀನಿ. ಹೊಕ್ಕುಳ ಸುತ್ತ, ಹದಿನಾಲ್ಕು ದಿನ. ಆದರೆ ಇನ್ನೊಂದು ಮಾತು. ಕಚ್ಚಿದ ದಿನ ಆ ನಾಯಿಗೆ ಹುಚ್ಚು ಇದ್ದಿದ್ದರೆ ಇಷ್ಟೊತ್ತಿಗೆ ಅದು ಸತ್ತಿರಬೇಕು. ಬದುಕಿದ್ದರೆ ನಿಮಗೇನೂ ಇಲ್ಲ. ಈ ಸೂಜಿಯೂ ಬೇಡ. ಹೋಗಿ ಆ ನಾಯಿ ಹುಡುಕಿ."

ಅಲ್ಲಿಂದ ನನ್ನ ಬದುಕೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತು. ಕರಿಯ ಬದುಕಿದೆಯೇ, ಸತ್ತಿದೆಯೇ?

ಆ ರಾತ್ರಿ ಸಾಗರದಲ್ಲೇ ನನ್ನ ಟ್ರೈನಿಂಗ್ ಗೆಳತಿಯ ಮನೆಯಲ್ಲಿ ಉಳಿದೆ. ಅವಳ ತಾಯಿಯೂ ನೀರು ಬೆಲ್ಲವನ್ನೇ ತಂದಿಟ್ಟರು. ವ್ರತ ಎಂದು ಸುಳ್ಳು ಹೇಳಿದೆ. "ಎಂಥ ವ್ರತವೇ ಇದು, ನೀರೂ ಮುಟ್ಟದ್ದು" ಎಂದು ಅವರು ಮಗಳ ಮುಖ ನೋಡಿದರು. ಶುಕ್ರವಾರ ಬೆಳಿಗ್ಗೆ ಎರಡನೇ ಸೂಜಿ ಚುಚ್ಚಿಸಿಕೊಂಡು, ಹೊಟ್ಟೆ ಹಿಡಿದುಕೊಂಡೇ ಆನಂದಪುರದ ಬಸ್ಸು ಹತ್ತಿದೆ.

ಬಸ್ಸಿಳಿದು ಕೇಳುತ್ತಾ ಹೋದೆ. ಮುಳುಗಡೆಯವರಿಗೆ ಕೊಟ್ಟ ಜಾಗ ಬೋಳು ಗುಡ್ಡ. ಸಾಲಾಗಿ ತಡಿಕೆಯ ಗುಡಿಸಲುಗಳು. ಪ್ರತಿ ಗುಡಿಸಲಿನ ಮುಂದೂ ಕಿತ್ತು ತಂದ ಬಾಗಿಲು, ತೊಲೆ, ಹೆಂಚಿನ ರಾಶಿ. ನಾನು ಪಾಠ ಹೇಳಿದ ಮಕ್ಕಳು ಎರಡು ಮೂರು ಮನೆಗಳಲ್ಲಿದ್ದರು. ಅಕ್ಕೋರು ಬಂದರು ಎಂದು ಅವರ ತಾಯಂದಿರು ಓಡಿ ಬಂದರು. ಆ ಗುಡ್ಡದಲ್ಲಿ ನೀರಿಗೆ ಎಷ್ಟೋ ದೂರ ಹೋಗಬೇಕಿತ್ತು. ಅಂಥದ್ದರಲ್ಲೂ ಒಂದೊಂದು ಮನೆಯವರೂ ಚೊಂಬು ತುಂಬಿಸಿ, ಬೆಲ್ಲ ಇಟ್ಟು, "ಆಸ್ರಿಗೆ ಕುಡೀರಿ" ಎಂದರು. ನಾನು ಒಂದೊಂದು ಮನೆಯಲ್ಲೂ ಒಂದೊಂದು ಸುಳ್ಳು ಹೇಳಿದೆ. ಅವರ ಮುಖ ಸಣ್ಣದಾಗುವುದು ಕಾಣುತ್ತಿತ್ತು. ತಾವು ಗುಡಿಸಲಿಗೆ ಇಳಿದವರೆಂದು ಅಕ್ಕೋರು ನೀರೂ ಮುಟ್ಟಲಿಲ್ಲ ಅಂದುಕೊಂಡರೋ ಏನೋ. ನಾನು ಮುಖ ತಪ್ಪಿಸಿಕೊಂಡು ಮುಂದಿನ ಗುಡಿಸಲಿಗೆ ನಡೆದೆ.

ಗುತ್ಯಮ್ಮ ಕೊನೆಯ ಗುಡಿಸಲಿನಲ್ಲಿದ್ದರು. ನಾನು ಕುಶಲವನ್ನೂ ಕೇಳಲಿಲ್ಲ. "ಕರಿಯ ಎಲ್ಲಿ?" ಎಂದೆ.

ಅವರ ಕಣ್ಣು ತುಂಬಿತು. "ಅದರ ಸುದ್ದಿ ತೆಗೀಬೇಡಿ ಅಕ್ಕೋರೆ. ಬರೋ ದಿನ ತಾಳಗುಪ್ಪದ ಹತ್ರ ಲಾರಿ ನಿಂತಿತ್ತು. ಹಗ್ಗ ಕಡ್ಕಂಡು ಹಾರ್ತು. ಕರೆದೆ, ಕೂಗ್ದೆ, ಬರ್ಲಿಲ್ಲ. ಡ್ರೈವರ್ ಕಾಯೋದಿಲ್ಲ ಅಂದ. ಎಲ್ಲಿ ಸತ್ತು ಬಿತ್ತೋ ಎಂತೋ."

ನಾನು ಅಲ್ಲೇ ಹೆಂಚಿನ ರಾಶಿಯ ಮೇಲೆ ಕುಸಿದು ಕೂತೆ. ಸತ್ತು ಬಿತ್ತೋ ಎಂತೋ ಎಂಬ ಮಾತೊಂದೇ ಕಿವಿಯಲ್ಲಿ ಉಳಿಯಿತು. ಗುತ್ಯಮ್ಮ ಗಾಬರಿಯಾಗಿ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು. ಅದನ್ನು ಕಂಡು ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಇನ್ನು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಕರಿಯ ಮೂರು ದಿನ ಅನ್ನ ಮುಟ್ಟದ್ದು, ಜೊಲ್ಲು ಸುರಿಸಿದ್ದು, ಗೋಡೆ ಸುತ್ತ ಸುತ್ತಿದ್ದು, ಗೌರಕ್ಕ ಹೇಳಿದ್ದನ್ನೆಲ್ಲ ಹೇಳಿದೆ.

ಗುತ್ಯಮ್ಮ ಚೊಂಬು ಕೆಳಗಿಟ್ಟು ನನ್ನನ್ನೇ ನೋಡಿದರು. ಅವರಿಗೆ ಸಿಟ್ಟು ಬಂದಿತ್ತು. "ಹೌದು, ಮುಟ್ಟಲಿಲ್ಲ. ಅದು ಆಡಿ ಬೆಳೆದ ಮನೆ ಅದರ ಕಣ್ಣೆದುರಿಗೇ ಕೀಳ್ತಿದ್ರು. ಗೋಡೆ ಸುತ್ತದೆ ಇನ್ನೆಂತ ಮಾಡ್ತದೆ? ಬಿಸಿಲಿಗೆ ಕಟ್ಟಿಹಾಕಿದ್ದೆ, ನಾಲಿಗೆ ಹೊರಗೆ ಹಾಕಿ ಜೊಲ್ಲು ಸುರಿಸ್ತು. ನಾನೂ ಮೂರು ದಿನ ಅನ್ನ ಮುಟ್ಟಿರಲಿಲ್ಲ ಅಕ್ಕೋರೆ. ನಂಗೂ ಹುಚ್ಚಾ?"

ಡಾಕ್ಟರು ಅಷ್ಟು ಹೊತ್ತು ಬಿಡಿಸಿ ಹೇಳಿದ್ದನ್ನು ಈ ಹೆಂಗಸು ಎರಡು ಮಾತಿನಲ್ಲಿ ಹೇಳಿದ್ದರು. ಆದರೂ ನನ್ನ ಗಂಟಲು ಬಿಡಲಿಲ್ಲ. ಬುದ್ಧಿ ಒಪ್ಪಿದರೂ ಗಂಟಲು ಒಪ್ಪದು, ನೋಡಿ.

"ನಾಯಿ ಹಾರಿದ ಮೇಲೆ ಎಲ್ಲಿಗೆ ಹೋಗ್ತದೆ?" ಎಂದು ಗುತ್ಯಮ್ಮ ತಮಗೆ ತಾವೇ ಕೇಳಿಕೊಂಡರು. "ಮನೆಗೇ ಹೋಗಿರ್ತದೆ. ಬದುಕಿದ್ರೆ ಅಲ್ಲೇ ಇರ್ತದೆ. ನಡೀರಿ, ನಾನೂ ಬರ್ತೀನಿ." ಸಣ್ಣಮ್ಮನನ್ನು ಪಕ್ಕದ ಗುಡಿಸಲಿಗೆ ಒಪ್ಪಿಸಿ, ಒಂದು ಚೊಂಬು, ಸೆರಗಿನಲ್ಲಿ ಒಂದಿಷ್ಟು ಬೆಲ್ಲ ಕಟ್ಟಿಕೊಂಡು ಹೊರಟೇಬಿಟ್ಟರು.

ಕೆಳಗಿನಕೇರಿ ನಾನಿದ್ದ ಮನೆಗೆ ಒಂದೇ ಮೈಲಿ. ನಾಯಿ ಲಾರಿಯಲ್ಲೇ ಹೋಯಿತೆಂದು ನಂಬಿ ನಾನು ಅಷ್ಟು ದೂರ ಬಸ್ಸಿನಲ್ಲಿ ಬಂದಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆದರೆ ನಾನು ಹುಡುಕುತ್ತಿದ್ದ ಕೂಸು ಜೀವಂತ ಇದೆಯೋ ಇಲ್ಲವೋ ಎಂಬುದು ಇನ್ನೂ ಗೊತ್ತಿರಲಿಲ್ಲ.

ರಾತ್ರಿ ಸಾಗರದ ಗೆಳತಿಯ ಮನೆಯಲ್ಲೇ ಕಳೆದು, ಶನಿವಾರ ಮೂರನೇ ಸೂಜಿ ಮುಗಿಸಿ ಬಸ್ಸು ಹತ್ತಿದೆವು. ಕೆಳಗಿನಕೇರಿಗೆ ಇಳಿಯುವಾಗ ಬಿಸಿಲು ನೆತ್ತಿಯ ಮೇಲಿತ್ತು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ಆಡಲಾಗುತ್ತಿರಲಿಲ್ಲ. ಕೇರಿಯಲ್ಲಿ ಒಂದೂ ಮನೆಗೆ ಮಾಡು ಇರಲಿಲ್ಲ. ಬರೀ ಗೋಡೆ. ಒಲೆಗಳಿಗೆ ನೇರ ಬಿಸಿಲು ಬೀಳುತ್ತಿತ್ತು. ಗುತ್ಯಮ್ಮ ತಮ್ಮ ಮನೆಯ ಮೆಟ್ಟಿಲ ಹತ್ತಿರ ಬಂದವರು ಅಭ್ಯಾಸಬಲದಿಂದ ತಲೆ ಬಗ್ಗಿಸಿದರು, ಬಾಗಿಲ ಮೇಲಿನ ಪಟ್ಟಿ ತಲೆಗೆ ತಾಗೀತೆಂದು. ಬಾಗಿಲೇ ಇರಲಿಲ್ಲ.

"ಕರಿಯ" ಎಂದು ಕರೆದರು. ಯಾವ ಸದ್ದೂ ಇಲ್ಲ. "ಕರಿಯಾ, ಬಾರೋ." ಮೂರನೇ ಸಲ ಕರೆದಾಗ ಒಲೆಯ ಹಿಂದಿನ ಬೂದಿಯ ರಾಶಿ ಅಲುಗಿತು. ಬೂದಿಯಲ್ಲಿ ಮುಳುಗಿ ಬೂದಿ ಬಣ್ಣವೇ ಆಗಿದ್ದ ಒಂದು ತಲೆ ಮೇಲೆದ್ದಿತು.

ನಾನು ಗೋಡೆಗೆ ಒರಗಿ ನಿಂತೆ. ಗುತ್ಯಮ್ಮ ಮುಂದೆ ಹೋದರು. "ಹತ್ರ ಹೋಗ್ಬೇಡಿ" ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ. ಕರಿಯ ಎದ್ದು ನಿಂತಿತು. ಪಕ್ಕೆಲುಬು ಎಣಿಸಬಹುದಾಗಿತ್ತು. ಕುತ್ತಿಗೆಯಲ್ಲಿ ಕಡಿದ ಹಗ್ಗ ಹಾಗೇ ಇತ್ತು. ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು, ಬಾಲವನ್ನು ಕಾಲಸಂದಿಯಲ್ಲೇ ಅಲ್ಲಾಡಿಸುತ್ತಾ, ಕುಂಯ್‌ಗುಡುತ್ತಾ ಬಂದು ಗುತ್ಯಮ್ಮನ ಪಾದದ ಮೇಲೆ ಗದ್ದ ಇಟ್ಟಿತು. ಅವರು ಅದರ ಕುತ್ತಿಗೆ ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟರು. ಆನಂದಪುರದಲ್ಲಿ ಅಷ್ಟು ಹೊತ್ತು ಕಾಣದ ಅಳು ಅದು.

ಆಮೇಲೆ ಕಣ್ಣೊರೆಸಿಕೊಂಡು ಹಿತ್ತಲಿಗೆ ಹೋದರು. ಬಾವಿಯ ಹಗ್ಗ, ಕೊಡ ಎಲ್ಲ ಲಾರಿಯಲ್ಲಿ ಹೋಗಿತ್ತು. ಆದರೆ ಅಲ್ಲಿ ಮೆಟ್ಟಿಲಿಳಿದು ಕೈಯಲ್ಲೇ ತುಂಬಿಕೊಳ್ಳಬಹುದಾದ ಒಂದು ಒರತೆ ಇತ್ತು. ಚೊಂಬು ತುಂಬಿಸಿ ತಂದು, ಒಡೆದು ಬಿದ್ದಿದ್ದ ಒಂದು ನಾಡಹೆಂಚನ್ನು ಅಂಗಾತ ಇಟ್ಟು ಅದರಲ್ಲಿ ನೀರು ಹುಯ್ದರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಕರಿಯ ಮೂಸಿತು. ಒಂದು ಕ್ಷಣ ತಲೆ ಎತ್ತಿತು. ಆಮೇಲೆ ಚಪ ಚಪ ಚಪ ಎಂದು ಕುಡಿಯತೊಡಗಿತು. ಹೆಂಚು ಖಾಲಿಯಾಗುವವರೆಗೆ ಕುಡಿಯಿತು. ಅದರ ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ನೋಡುತ್ತಾ ನೋಡುತ್ತಾ ನಾನೂ ಗುಳಕ್ಕನೆ ಉಗುಳು ನುಂಗಿದೆ. ನುಂಗಿದ್ದು ಗೊತ್ತಾದದ್ದು ಆಮೇಲೆ.

ಗುತ್ಯಮ್ಮ ಚೊಂಬು ತೊಳೆದು ಮತ್ತೆ ತುಂಬಿಸಿ ತಂದರು. ಸೆರಗಿನ ಗಂಟು ಬಿಚ್ಚಿ ಬೆಲ್ಲ ತೆಗೆದರು. ಬಾಗಿಲಿಲ್ಲದ ಬಾಗಿಲಿನ ಒಳಗೆ, ಜಗುಲಿ ಇದ್ದ ಜಾಗದಲ್ಲಿ ನನ್ನನ್ನು ಕೂರಿಸಿದರು. "ನಮ್ಮನೆಗೆ ಬಂದೀರಿ. ಮಾಡು ಇಲ್ದಿದ್ರೆ ಎಂತ ಆಯ್ತು, ಆಸ್ರಿಗೆ ಕೊಡ್ದೆ ಕಳ್ಸಕ್ಕೆ ಆಗ್ತದಾ? ಕುಡೀರಿ" ಎಂದರು.

ಕುಡಿದೆ. ಮೊದಲ ಗುಟುಕು ತಡೆದು ಇಳಿಯಿತು. ಎರಡನೆಯದು ಸಲೀಸಾಗಿ ಇಳಿಯಿತು. ಅದಾದ ಮೇಲೆ ಲೆಕ್ಕ ಇಡಲಿಲ್ಲ. ಮೂರು ಚೊಂಬು ಕುಡಿದಿರಬೇಕು. ಸಾಕು ಮಾರಾಯ್ರೆ, ಹೊಟ್ಟೆ ಒಡೀತದೆ ಎಂದು ಗುತ್ಯಮ್ಮನೇ ಚೊಂಬು ಕಸಿದುಕೊಂಡರು. ಅಂಥ ರುಚಿಯ ನೀರನ್ನು ನಾನು ಮತ್ತೆ ಕುಡಿದಿಲ್ಲ.

ಕರಿಯನನ್ನು ಬಸ್ಸಿಗೆ ಹತ್ತಿಸಲು 'ನಾಯಿಗೆಲ್ಲ ಜಾಗ ಇಲ್ಲ' ಎಂದ ಕಂಡಕ್ಟರನ ಜೊತೆ ನಾನು ಆಡಿದ ಜಗಳ ಬೇರೆಯೇ ಒಂದು ಕಥೆ. ನನ್ನ ಜೋರು ನನಗೆ ವಾಪಸು ಬಂದಿತ್ತು. ಕೊನೆಗೆ ಕರಿಯ ಹಿಂದಿನ ಸೀಟಿನ ಕೆಳಗೆ ಕೂತೇ ಬಂತು. ಮಾರನೆಯ ದಿನ ಡಾಕ್ಟರಿಗೆ ನಾಯಿಯನ್ನೇ ತೋರಿಸಿದೆ. ಅವರು ಅದನ್ನು ಕೂಲಂಕಷವಾಗಿ ನೋಡಿ, ಸೂಜಿ ನಿಲ್ಲಿಸಿ, "ಇಬ್ಬರಿಗೂ ಒಂದೇ ಕಾಯಿಲೆ ಇತ್ತು, ಇಬ್ಬರಿಗೂ ವಾಸಿಯಾಯ್ತು" ಎಂದರು. ನಾಯಿ ಕಚ್ಚಿದರೆ ಹತ್ತು ದಿನ ಕಾಯಬೇಡಿ, ಅವತ್ತೇ ಬನ್ನಿ ಎಂದು ಬೈದೂ ಕಳಿಸಿದರು.

ಶಾಲೆಯಲ್ಲಿ ಆ ಪಾಠವನ್ನು ಆಮೇಲೂ ವರ್ಷ ವರ್ಷ ಹೇಳಿದ್ದೇನೆ. ಆದರೆ ಲಕ್ಷಣಗಳನ್ನು ಮಕ್ಕಳ ಬಾಯಲ್ಲಿ ರಾಗವಾಗಿ ಹಾಡಿಸುವುದನ್ನು ಬಿಟ್ಟೆ. ಯಾವುದಾದರೂ ಮಗು ಹೊಟ್ಟೆನೋವು ಎಂದು ಮುದುರಿ ಕೂತರೆ 'ಸುಮ್ಮನೆ ನಾಟಕ' ಎನ್ನುವುದನ್ನೂ ಬಿಟ್ಟೆ. ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಸುದ್ದಿ ಕೇಳುತ್ತಿದ್ದೆ.

ನಾಲ್ಕೈದು ವರ್ಷದ ಮೇಲೆ ಗುತ್ಯಮ್ಮ ಯಾವುದೋ ಮದುವೆಗೆಂದು ಮೇಲಿನಕೇರಿಗೆ ಬಂದವರು ನನ್ನ ಮನೆಗೂ ಬಂದರು. ಆ ಹೊತ್ತಿಗೆ ಕೆಳಗಿನಕೇರಿ, ಆ ಒಲೆ, ಆ ಒರತೆ ಎಲ್ಲ ಹಿನ್ನೀರಿನ ಅಡಿಯಲ್ಲಿತ್ತು. ಶಾಲೆಯ ಹಿಂದೆ ನಿಂತರೂ, ನನ್ನ ಮನೆಯ ಕಿಟಕಿಯಲ್ಲಿ ನಿಂತರೂ ಕಣ್ಣು ಹಾಯುವವರೆಗೆ ನೀರು. ಅವರು ಅತ್ತ ತಿರುಗಲೇ ಇಲ್ಲ. ಗೋಡೆಗೆ ಮುಖ ಮಾಡಿ ಕೂತರು. ನಾನು ಏನೂ ಯೋಚಿಸದೆ, "ಬನ್ನಿ ಗುತ್ಯಮ್ಮ, ಸಂಜೆ ಹೊತ್ತಿಗೆ ನೀರು ನೋಡಕ್ಕೆ ಚೆಂದ ಇರ್ತದೆ" ಎಂದೆ.

"ನಂಗೆ ಆ ನೀರು ನೋಡಕ್ಕೆ ಆಗಲ್ಲ ಅಕ್ಕೋರೆ" ಎಂದರು. "ನೋಡಿದ್ರೆ ಗಂಟಲು ಕಟ್ತದೆ."

ನನ್ನದು ನಾಲ್ಕು ದಿನದಲ್ಲಿ ಬಿಟ್ಟುಹೋಗಿತ್ತು. ಅವರದು ಬಿಡುವಂಥದ್ದಲ್ಲ ಎಂದು ನನಗೆ ಆಗ ಅರ್ಥವಾಯಿತು. ನಾನು ಎದ್ದು ಹೋಗಿ ಆ ಕಡೆಯ ಕಿಟಕಿ ಹಾಕಿದೆ. ಒಳಗಿನಿಂದ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ಅವರ ಮುಂದಿಟ್ಟು, ಅವರು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದೆ.